ಎರೆಸೀಮೆಯಲ್ಲಿ ಮಣ್ಣು ಹುಡುಕುತ್ತ

ರಾಯಚೂರಿನಿಂದ ಅರಕೇರಾಕ್ಕೆ ಎರಡು ದಾರಿ. ಕಲಮಲಾ, ಗಬ್ಬೂರು ದಾಟಿ ದೇವದುರ್ಗ ಸೇರಿ ಅಲ್ಲಿಂದ ದಕ್ಷಿಣಕ್ಕೆ ಇಳಿಯಬಹುದು. ಇಲ್ಲವೇ ಲಿಂಗಸುಗೂರು ರಸ್ತೆ ಹಿಡಿದು ಸಿರವಾರದಲ್ಲಿ ಉತ್ತರಕ್ಕೆ ಹೊರಳಬಹುದು. ಹೋಗುವಾಗ ಗಬ್ಬೂರಿನ ಮೇಲೆ, ಬರುವಾಗ ಸಿರವಾರದ ಮೇಲೆ ಎಂದು ಗೊತ್ತುಮಾಡಿಕೊಂಡು ಮಾರ್ಚ್ ತಿಂಗಳಲ್ಲಿ ಹೊರಟೆ. ಗಬ್ಬೂರಿನ ಹಳೆಯ ಗುಡಿಗಳಿಗೆ, ಕೃಷ್ಣೆಯ ದಂಡೆಯ ಕೊಪ್ಪರದ ನರಸಿಂಹನಿಗೆ, ಗೂಗಲ್ಲಿನ ಅಲ್ಲಮಪ್ರಭುವಿಗೆ ಎಂದು ಈ ದಾರಿಯಲ್ಲಿ ಬರುವವರು ಬಹಳ. ನಾನು ಹೊರಟದ್ದು ಮಣ್ಣು ನೋಡಲು.

ಮಣ್ಣಿನ ಮೇಲೆಯೇ ಕಣ್ಣಿಟ್ಟು ಬಸ್ಸಿನ ಕಿಟಕಿಗೆ ಕೂತರೆ ಈ ಸೀಮೆ ಬೇರೆಯೇ ಕಾಣುತ್ತದೆ. ಹತ್ತಿ ಬಿಡಿಸಿ ಮುಗಿದ ಹೊಲಗಳಲ್ಲಿ ಒಣ ಕಟ್ಟಿಗೆ ನಿಂತಿತ್ತು. ಎರೆ ಹೊಲ ಬಾಯಿಬಿಟ್ಟಿತ್ತು. ಗುಂಡುಗಲ್ಲಿನ ಗುಡ್ಡ ಎದುರಾದ ಕಡೆಯೆಲ್ಲ ನೆಲ ಕೆಂಪಾಗಿ ಮಸಾರಿಗೆ ತಿರುಗುತ್ತದೆ, ತಗ್ಗಿಗೆ ಇಳಿದ ಕೂಡಲೇ ಮತ್ತೆ ಎರೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಮುಟ್ಟಿದಲ್ಲಿ ಮಾತ್ರ ಹಸಿರು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿಗಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಕಾದಾಡಿದರು ಎಂದು ಪಾಠದಲ್ಲಿ ಓದಿದ್ದೇವೆ. ಆ ನೆಲ ಕೈಯಲ್ಲಿ ಹಿಡಿದರೆ ಹೇಗಿರುತ್ತದೆ ಎಂದು ನಾವ್ಯಾರೂ ಕೇಳಿದವರಲ್ಲ.

ನಾನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಕುಂಬಾರಿಕೆಯ ಹುಚ್ಚು ಹತ್ತಿದ್ದು ಬೆಂಗಳೂರಿನಲ್ಲಿ, ಮಗಳ ಮನೆಗೆ ಹೋಗಿದ್ದಾಗ. ಅವಳ ಬಡಾವಣೆಯಲ್ಲೊಂದು ಪಾಟರಿ ಸ್ಟುಡಿಯೋ ಇತ್ತು. ಗಂಟೆಯ ಲೆಕ್ಕದಲ್ಲಿ ಶುಲ್ಕ ಕಟ್ಟಿದರೆ ಏಪ್ರನ್ ತೊಡಿಸಿ ಮೋಟರಿನ ಚಕ್ರದ ಮುಂದೆ ಕೂರಿಸುತ್ತಿದ್ದರು. ಸುತ್ತ ಕೂತವರಲ್ಲಿ ಸಾಫ್ಟ್‌ವೇರಿನವರು, ರಜೆಗೆ ಬಂದ ಮಕ್ಕಳು, ನನ್ನಂಥ ಅಮ್ಮಂದಿರು. ಚಕ್ರಕ್ಕೆ ಬಡಿದ ಮಣ್ಣಿನ ಮುದ್ದೆ ಮೊದಲು ಅಂಗೈಗಳನ್ನು ಎತ್ತೆತ್ತಿ ಒಗೆಯುತ್ತದೆ. ಮೊಣಕೈಯನ್ನು ತೊಡೆಗೆ ಊರಿ, ಉಸಿರು ಹಿಡಿದು, ಒಂದೇ ಸಮ ಒತ್ತಿದರೆ ಒಂದು ಗಳಿಗೆಯಲ್ಲಿ ಮುದ್ದೆ ನಡುವಿಗೆ ಬಂದು ಕೂರುತ್ತದೆ. ಆಗ ಚಕ್ರ ತಿರುಗುತ್ತಲೇ ಇರುತ್ತದೆ, ಅಂಗೈಯೊಳಗಿನ ಮಣ್ಣಿಗೆ ಮಾತ್ರ ಅಲುಗಾಟವೇ ಇಲ್ಲ. ಆ ಗಳಿಗೆಯ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ. ರಾಯಚೂರಿನ ಮನೆಯ ಮಾಳಿಗೆಯಲ್ಲಿ ಖಾಲಿ ಬಿದ್ದ ಕೋಣೆಯೊಂದಿತ್ತು. ಅದನ್ನೇ ಸ್ಟುಡಿಯೋ ಮಾಡಿಕೊಳ್ಳುವುದೆಂದು ಊರಿಗೆ ಬರುವಷ್ಟರಲ್ಲಿ ನಿರ್ಧಾರವಾಗಿತ್ತು.

ತೊಡಕು ಬಂದದ್ದು ಮಣ್ಣಿನದು. ಬೆಂಗಳೂರಿನಲ್ಲಿ ಮಣ್ಣು ಪಾಲಿಥಿನ್ ಚೀಲದಲ್ಲಿ ಹದವಾಗಿಯೇ ಬರುತ್ತಿತ್ತು. ಎಲ್ಲಿಯದು ಎಂದು ಕೇಳಿದರೆ ಕಲಿಸುವವರಿಗೆ ಮಾರುವವರ ಹೆಸರು ಗೊತ್ತಿತ್ತು, ಊರಿನ ಹೆಸರು ಗೊತ್ತಿರಲಿಲ್ಲ. ಕಣ್ಣು ಹಾಯಿಸಿದಷ್ಟೂ ಮಣ್ಣೇ ಇರುವ ಜಿಲ್ಲೆಯಲ್ಲಿ ಕೂತು ಮಣ್ಣನ್ನು ಕೊರಿಯರಿನಲ್ಲಿ ತರಿಸುವುದು ನನ್ನ ಮನಸ್ಸಿಗೆ ಬರಲಿಲ್ಲ. ಅರಕೇರಾ ಕಡೆ ಇನ್ನೂ ಆವಿಗೆ ಹಚ್ಚುವ ಮನೆಯಿದೆ ಎಂದು ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಹಾಗೆ ಶುರುವಾಯಿತು ಈ ತಿರುಗಾಟ.

ಅರಕೇರಾ ದೇವದುರ್ಗ ತಾಲ್ಲೂಕಿನ ಹೋಬಳಿ ಊರಾಗಿತ್ತು, ಈಗ ಅದೇ ಒಂದು ತಾಲ್ಲೂಕು. ಅಲ್ಲಿಂದ ಒಳದಾರಿ ಹಿಡಿದು ಹೋದರೆ ಸಿಗುವ ಒಂದು ಊರಿನ ಅಂಚಿನಲ್ಲಿ ನಾನು ಹುಡುಕುತ್ತಿದ್ದ ಮನೆಯಿತ್ತು. ವಿಳಾಸ ಕೇಳಬೇಕಾಗಲಿಲ್ಲ. ಕಟ್ಟೆಯ ಮೇಲೆ ಬಾಯಿ ಕೆಳಗಾಗಿ ಸಾಲುಹಿಡಿದ ಗಡಿಗೆಗಳು, ಪಕ್ಕದಲ್ಲಿ ಕುಳ್ಳಿನ ಒಟ್ಟಲು, ಅಂಗಳದಲ್ಲಿ ನೆನೆಹಾಕಿದ ಮಣ್ಣಿನ ತಗ್ಗು. ನೆರಳಿನಲ್ಲಿ ಕೂತಿದ್ದ ಹಿರಿಯರನ್ನು ನಮ್ಮ ಕಡೆಯ ರೂಢಿಯಂತೆ ತಾತ ಎಂದು ಕರೆದೆ. ಅವರ ಹೆಂಡತಿಯನ್ನು ಅಮ್ಮ ಎಂದೆ. ಅವರು ನನ್ನನ್ನು ಮೇಡಮ್ಮಾರ ಎಂದು ಕರೆದರು, ಕೊನೆಯವರೆಗೂ ಅದನ್ನು ಬಿಡಲಿಲ್ಲ.

"ಯಾವ ಮಣ್ಣು ತಾತ ಇದು?"

"ಕೆರಿ ಮಣ್ರಿ. ಎರಿ ಒಂದ ಹಾಕಿದ್ರ ಸೀಳತೈತಿ. ಮಸಾರಿ ಒಂದ ಹಾಕಿದ್ರ ನಿಂದ್ರಂಗಿಲ್ಲ. ಎರಡೂ ಹರದು ಬಂದು ಕೆರ್‍ಯಾಗ ಕೂಡಿರ್ತಾವಲ್ಲ, ಅದ ನಮ್ಮ ಮಣ್ಣು."

ಮಣ್ಣಿನ ವಿಜ್ಞಾನ ಹೇಳುವುದೂ ಇದನ್ನೇ. ಎರೆ ಮಣ್ಣಿನ ಕಣಗಳು ಪದರು ಪದರಾಗಿರುತ್ತವೆ. ಪದರುಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ನೀರು ಹೋದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವ ಕಾರಣವೇ ಗಡಿಗೆಯ ಗೋಡೆ ಸೀಳುವುದಕ್ಕೂ ಕಾರಣ. ಮಸಾರಿಯಲ್ಲಿ ಮರಳು ಹೆಚ್ಚು, ಜಿಗುಟು ಕಡಿಮೆ, ಎತ್ತಿದರೆ ಕುಸಿಯುತ್ತದೆ. ಮಳೆಗಾಲದಲ್ಲಿ ಎರಡೂ ಕೊಚ್ಚಿ ಬಂದು ಕೆರೆಯ ಅಂಗಳದಲ್ಲಿ ನಿಧಾನ ತಳವೂರುವಾಗ ದಪ್ಪ ಮರಳು ಕೋಡಿಯಿಂದ ದೂರ, ಮೇಲಿನ ಅಂಚಿಗೇ ಉಳಿಯುತ್ತದೆ. ನುಣ್ಣನೆಯದು ತಗ್ಗಿನಲ್ಲಿ ಕೂರುತ್ತದೆ. ಕೆರೆಯ ಯಾವ ಮೂಲೆಯಲ್ಲಿ ಎಷ್ಟು ಆಳದಲ್ಲಿ ಅಗೆಯಬೇಕು ಎಂಬುದು ತಾತನಿಗೆ ಅವರಪ್ಪ ಹೇಳಿಕೊಟ್ಟದ್ದು.

ಮೂಲೆಯಲ್ಲಿ ಒಂದು ಗಡಿಗೆ ಬೇರೆಯಾಗಿ ಕೂತಿತ್ತು. ಹೊಟ್ಟೆಯ ಮೇಲೆ ಅಲ್ಲಲ್ಲಿ ಚಕ್ಕೆ ಎದ್ದು, ಪ್ರತಿ ಚಕ್ಕೆಯ ತಳದಲ್ಲಿ ಒಂದು ಬಿಳಿ ಚುಕ್ಕೆ. "ಸುಣ್ಣದ ಹಳ್ಳು ಉಳದಿತ್ರಿ. ಆವಿಗ್ಯಾಗ ಏನೂ ಆಗಂಗಿಲ್ಲ. ಕೊಂಡವರ ಮನಿಗೆ ಹೋದ ಮ್ಯಾಲ ಸಿಡೀತೈತಿ" ಎಂದರು ತಾತ. ನಮ್ಮ ಎರೆ ನೆಲದಲ್ಲಿ ಸುಣ್ಣದ ಹರಳು ಸಾಮಾನ್ಯ. ಬೆಂಕಿಯಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ. ಆಮೇಲೆ ಗಾಳಿಯ ತೇವ ಹೀರಿಕೊಂಡು ದಿನಗಳ ಮೇಲೆ ಉಬ್ಬಿ, ಗಟ್ಟಿಯಾದ ಗೋಡೆಯನ್ನು ಒಳಗಿನಿಂದ ಸಿಡಿಸುತ್ತದೆ. ಅದಕ್ಕೇ ಅಮ್ಮ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೀರಿನಲ್ಲಿ ನೆನೆಸಿ, ಮತ್ತೆ ಕಾಲಲ್ಲಿ ತುಳಿಯುವಾಗ ಹಿಮ್ಮಡಿಗೆ ಹತ್ತಿದ ಒಂದೊಂದು ಹರಳನ್ನೂ ಬಗ್ಗಿ ತೆಗೆದು ಒಗೆಯುತ್ತಾರೆ. ಚೀಲದ ಮಣ್ಣಿನಲ್ಲಿ ಕಲಿತ ನನಗೆ ಈ ಕೆಲಸವೆಲ್ಲ ಕುಂಬಾರಿಕೆಯ ಮೊದಲಿನ ತಯಾರಿ ಎನಿಸಿತ್ತು. ಅಲ್ಲಿ ನಿಂತು ನೋಡಿದರೆ ಅರ್ಧ ಕುಂಬಾರಿಕೆ ಅಲ್ಲೇ ಮುಗಿದಿರುತ್ತದೆ, ಆ ಅರ್ಧ ಅಮ್ಮನದು.

ತಿಗರಿಯ ಮೇಲೆ ತಾತ ಕೂತರು. ಅಂಚಿಗೆ ಭಾರ ಕಟ್ಟಿದ ಹಳೆಯ ತಿಗರಿ. ಕೋಲು ಸಿಕ್ಕಿಸಿ ರಭಸದಿಂದ ತಿರುವಿ ಬಿಟ್ಟರೆ ಅದು ತಿರುಗುತ್ತಿರುವಷ್ಟರಲ್ಲಿ ಒಂದು ಗಡಿಗೆಯ ಕಂಠ, ಹೆಗಲು ಎದ್ದು ನಿಲ್ಲಬೇಕು. ನಾನು ಪೂರ್ತಿ ಗಡಿಗೆ ತಿಗರಿಯ ಮೇಲೆಯೇ ಆಗುತ್ತದೆ ಎಂದುಕೊಂಡು ಕಾದಿದ್ದೆ. ತಾತ ತೆಗೆದಿಟ್ಟದ್ದು ಗಿಡ್ಡನೆಯ, ದಪ್ಪ ಗೋಡೆಯ, ತಳವಿಲ್ಲದ ಒಂದು ಆಕಾರ. ಬಾಯಿ ಮಾತ್ರ ಚೊಕ್ಕ. ಅದು ನೆರಳಿನಲ್ಲಿ ಅರ್ಧ ಒಣಗಿ ಬಿಗಿಯಾದ ಮೇಲೆ ಅಮ್ಮ ಅದನ್ನು ತೊಡೆಯ ಮೇಲೆ ಎತ್ತಿಕೊಂಡರು. ಎಡಗೈಯಲ್ಲಿ ನುಣ್ಣನೆಯ ಗುಂಡುಕಲ್ಲು, ಅದು ಒಳಗೆ. ಬಲಗೈಯಲ್ಲಿ ಕಟ್ಟಿಗೆಯ ಚಪ್ಪಟೆ ಬಡಿಗೆ, ಅದು ಹೊರಗೆ. ಬೂದಿಯಲ್ಲಿ ಅದ್ದಿ ಅದ್ದಿ ಬಡಿಯತೊಡಗಿದರು. ಬಡಿಗೆ ಬಿದ್ದಲ್ಲೇ ಒಳಗಿನ ಕಲ್ಲು ಆನಿಕೊಂಡಿರಬೇಕು. ನೋಡದೆ ಅದು ಅಲ್ಲಿಗೇ ಬರುತ್ತಿತ್ತು. ಬಡಿಯುತ್ತ ತಿರುವುತ್ತ ಹೋದಂತೆ ಗೋಡೆ ತೆಳ್ಳಗಾಗಿ, ಹೊಟ್ಟೆ ಉಬ್ಬಿ, ತೆರೆದ ತಳ ಸುತ್ತಲಿಂದ ಕೂಡಿಬಂದು ಮುಚ್ಚಿಕೊಂಡಿತು. ಮೊದಲು ಮೊದಲು ಬಡಿತದ ಸದ್ದು ಮಂದ. ಗೋಡೆ ತೆಳುವಾದಷ್ಟೂ ಸದ್ದು ಏರುತ್ತದೆ. ಎಲ್ಲಿ ಇನ್ನೂ ದಪ್ಪ ಉಳಿದಿದೆ ಎಂಬುದು ಅಮ್ಮನಿಗೆ ಕಿವಿಯಲ್ಲೇ ತಿಳಿಯುತ್ತಿತ್ತು. ಅಲ್ಲಿಗೆ ಎರಡು ಏಟು ಹೆಚ್ಚು.

"ರೊಟ್ಟಿ ಬಡದವರಿಗೆ ಗಡಿಗಿ ಬಡಿಯೋದು ಕಷ್ಟ ಅಲ್ರಿ ಮೇಡಮ್ಮಾರ" ಎಂದು ಬಡಿಗೆಯನ್ನು ನನ್ನ ಕೈಗೆ ಕೊಟ್ಟರು.

ಹರಿಹರ ಕವಿಯ 'ಕುಂಬಾರ ಗುಂಡಯ್ಯನ ರಗಳೆ'ಯನ್ನು ನಾನು ತರಗತಿಯಲ್ಲಿ ಪಾಠ ಮಾಡಿದವಳು. ಗುಂಡಯ್ಯ ಗಡಿಗೆ ಬಡಿಯುವ ತಾಳಕ್ಕೆ ಶಿವ ಮನಸೋತು ಬಂದು ಕುಣಿಯುತ್ತಾನೆ. ಅದನ್ನು ಭಕ್ತಿಯ ಉತ್ಪ್ರೇಕ್ಷೆ ಎಂದೇ ವಿದ್ಯಾರ್ಥಿಗಳಿಗೆ ಹೇಳಿದ್ದೆ. ಅಮ್ಮನ ಅಂಗಳದಲ್ಲಿ ಕೂತಾಗ ಹರಿಹರ ಯಾವುದೋ ಕುಂಬಾರರ ಮನೆಯ ಜಗಲಿಯಲ್ಲಿ ಕೂತು ಕೇಳಿಯೇ ಬರೆದಿರಬೇಕು ಎನಿಸಿತು. ಗುಂಡಯ್ಯನ ಹೆಂಡತಿ ಕೇತಲದೇವಿ ತಾನೇ ವಚನ ಬರೆದವಳು, ಕುಂಬಾರ ಗುಂಡಯ್ಯಗಳ ಪುಣ್ಯಸ್ತ್ರೀ ಎಂದು ವಚನ ಸಾಹಿತ್ಯದಲ್ಲಿ ದಾಖಲಾಗಿರುವವಳು. ರಗಳೆಯಲ್ಲಿ ಬಡಿಯುವವನು ಗುಂಡಯ್ಯ. ನಾನು ಕಂಡ ಮನೆಯಲ್ಲಿ ಬಡಿಯುತ್ತಿದ್ದವರು ಅಮ್ಮ.

"ನೀವೂ ತಿಗರಿ ಮೇಲೆ ಕೂಡ್ತೀರೇನಮ್ಮ?" ಎಂದು ಕೇಳಿದೆ.

"ಇಲ್ರಿ. ಹೆಣ್ಮಕ್ಕಳು ತಿಗರಿ ಮುಟ್ಟಾಂಗಿಲ್ಲ ನಮ್ಮಲ್ಲಿ."

ದೇಶದ ಹಲವು ಕಡೆ ಕುಂಬಾರರಲ್ಲಿ ಈ ಕಟ್ಟು ಇದೆ. ಮಣಿಪುರದ ಆಂಡ್ರೋ ಎಂಬ ಊರಿನಲ್ಲಿ ಇದು ತಿರುವುಮುರುವು. ಅಲ್ಲಿ ಮಡಕೆ ಮಾಡುವವರು ಹೆಂಗಸರೇ, ಅವರಿಗೆ ಚಕ್ರವೇ ಬೇಡ. ಬೆಂಗಳೂರಿನ ಸ್ಟುಡಿಯೋದಲ್ಲಿ ಚಕ್ರದ ಮುಂದೆ ಕೂತವರಲ್ಲಿ ಹೆಚ್ಚಿನವರು ಹೆಂಗಸರಿದ್ದರು ಎಂದು ಅಮ್ಮನಿಗೆ ಹೇಳಿದೆ. ಅವರಿಗೆ ಅಚ್ಚರಿಯಾಗಲಿಲ್ಲ. "ಅವರಿಗೆ ಮಣ್ಣು ತುಳಿಯೋರು ಯಾರು?" ಎಂದು ಕೇಳಿದರು.

ಜಾತ್ರೆಗೆಂದು ಊರಿಗೆ ಬಂದಿದ್ದ ಅವರ ಮಗ ಅಲ್ಲೇ ಇದ್ದ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಬೇಸಿಗೆ ಬಂತೆಂದರೆ ದೇವದುರ್ಗ, ಲಿಂಗಸುಗೂರು ಕಡೆಯಿಂದ ಗುಳೆ ಹೋಗುವವರಿಂದ ಬೆಂಗಳೂರಿನ ಬಸ್ಸು ತುಂಬುವುದು ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ. ಬೆಂಗಳೂರಿನಲ್ಲಿ ಮಣ್ಣಿನ ಪಾಠಕ್ಕೆ ನಾನು ಕಟ್ಟಿದ ಶುಲ್ಕ ಎಷ್ಟು ಎಂದು ಕೇಳಿದ. ಹೇಳಿದೆ. ತನ್ನ ಒಂದು ದಿನದ ಕೂಲಿಯ ಜೊತೆ ಅದನ್ನು ಹೋಲಿಸಿ ನೋಡುತ್ತಿದ್ದಾನೆ ಎಂಬುದು ಅವನ ಮುಖದಲ್ಲೇ ಇತ್ತು.

"ಮಣ್ಣು ಮುಟ್ಟಾಕ ಅಷ್ಟು ರೊಕ್ಕಾ ಕೊಡ್ತಾರಾ? ಹಂಗಾದ್ರ ನಮ್ಮಪ್ಪಗ ನೀವು ಎಷ್ಟು ಕೊಡ್ತೀರಿ?"

ತಾತ ಗದರಿದರು. ಮಣ್ಣು ಕಲಿಸಿ ರೊಕ್ಕ ತಗೊಳ್ಳೋದು ನಮ್ಮ ಮನೆತನದಾಗಿಲ್ಲ ಎಂದರು. ಅಮ್ಮ ಬಡಿಗೆ ಕೆಳಗಿಡದೆ ಹೇಳಿದರು: "ಯಾಕ ತಗೋಬಾರದು? ಸಾಲಿ ಮಾಸ್ತರ ತಗೊಳ್ಳಂಗಿಲ್ಲೇನು?" ಮೂವತ್ತು ವರ್ಷ ಅದೇ ಸಂಬಳ ತಿಂದ ನನಗೆ ಇದಕ್ಕೆ ಎದುರುತ್ತರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಶುಲ್ಕ ಅಲ್ಲೇ ಗೊತ್ತಾಯಿತು. ಬೆಂಗಳೂರಿನಲ್ಲಿ ಗಂಟೆಗೆ ಕೊಟ್ಟದ್ದೇ ಇಲ್ಲಿಯೂ.

ಸಂಜೆ ಆವಿಗೆ ಹಚ್ಚುವುದಿತ್ತು. ನೆಲಕ್ಕೆ ಹತ್ತಿ ಕಟ್ಟಿಗೆ, ಅದರ ಮೇಲೆ ಕುಳ್ಳು, ಅದರ ಮೇಲೆ ಗಡಿಗೆಗಳು ಬಾಯಿ ಕೆಳಗಾಗಿ. ದೊಡ್ಡವುಗಳ ಸಂದಿಗೆ ಸಣ್ಣವು, ಸಣ್ಣವುಗಳ ಸಂದಿಗೆ ಪಣತಿ. ಮೇಲೆ ಮತ್ತೆ ಕುಳ್ಳು, ಹುಲ್ಲು, ಕೊನೆಗೆ ಬೂದಿ ಮತ್ತು ಹಸಿಮಣ್ಣಿನ ಮೆತ್ತು. ಅಡಿಯಲ್ಲಿ ಕಿಚ್ಚಿಟ್ಟು ತಾತ ಬಹಳ ಹೊತ್ತು ಬೆಂಕಿಯನ್ನು ಏಳಗೊಡಲೇ ಇಲ್ಲ. ಒಣಗಿದಂತೆ ಕಂಡ ಮಣ್ಣಿನಲ್ಲೂ ನೀರು ಅಡಗಿರುತ್ತದೆ. 100 ಡಿಗ್ರಿ ದಾಟುವಾಗ ಅವಸರ ಮಾಡಿದರೆ ಆ ನೀರು ಹಬೆಯಾಗಿ ಗಡಿಗೆಯನ್ನು ಒಡೆಯುತ್ತದೆ. ಆಮೇಲೆ 500ರಿಂದ 600 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನ ಕಣಕ್ಕೇ ಕಟ್ಟಿಕೊಂಡ ನೀರು ಬಿಟ್ಟುಹೋಗುತ್ತದೆ. ಅಲ್ಲಿಂದಾಚೆ ಅದು ಮಳೆಯಲ್ಲಿ ಕರಗುವ ಮಣ್ಣಲ್ಲ. 573 ಡಿಗ್ರಿಯಲ್ಲಿ ಮರಳಿನ ಹರಳು ತಟ್ಟನೆ ಹಿಗ್ಗುತ್ತದೆ. ಏರುವಾಗಲೂ ಇಳಿಯುವಾಗಲೂ ಆ ಮೆಟ್ಟಿಲನ್ನು ನಿಧಾನ ದಾಟಬೇಕು. ಬಯಲಿನ ಆವಿಗೆ ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಮುಟ್ಟುತ್ತದೆ. ತಾತನ ಬಳಿ ಉಷ್ಣಮಾಪಕವಿಲ್ಲ. ಬಿಳಿ ಹೊಗೆ ಹೋಗಿ ಹೊಗೆ ತಿಳಿಯಾದದ್ದು ನೋಡಿ ಬೆಂಕಿಗೆ ಗಾಳಿ ಬಿಟ್ಟರು. ಮೆತ್ತಿನ ಬಿರುಕಿನಲ್ಲಿ ಗಡಿಗೆಯ ಬಣ್ಣ ನೋಡಿ ಸಾಕೆಂದರು. ಬೆಳಗಾಗುವ ತನಕ ಆರಲು ಬಿಟ್ಟು, ಬಗೆದು, ಒಂದೊಂದನ್ನೂ ಬೆರಳಲ್ಲಿ ತಟ್ಟಿ ಸದ್ದು ಕೇಳಿ ಕಟ್ಟೆಗೆ ಇಟ್ಟರು.

ಆ ಕಟ್ಟೆಯಿಂದ ಊರಿಗೆ ಹೋಗುತ್ತಿದ್ದುದೆಲ್ಲ ಈಗ ಹೋಗುವುದಿಲ್ಲ. ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೂ ಹಿಂದಿನಿಂದ ಬಂದ ಆಯದ ಲೆಕ್ಕ ತಾತನ ಎಳವೆಯಲ್ಲಿ ಇನ್ನೂ ನಡೆಯುತ್ತಿತ್ತಂತೆ. ವರ್ಷವಿಡೀ ಗಡಿಗೆ, ಹರವಿ, ರೊಟ್ಟಿ ಹಂಚು ಕೊಟ್ಟರೆ ಸುಗ್ಗಿಯಲ್ಲಿ ರೈತನ ಕಣದಿಂದ ಜೋಳ ಬರುತ್ತಿತ್ತು. ಸ್ಟೀಲಿನ ಕೊಡ, ಪ್ಲಾಸ್ಟಿಕ್ ಡ್ರಮ್, ಫ್ರಿಜ್ ಒಂದೊಂದಾಗಿ ಬಂದ ಹಾಗೆ ಆಯ ನಿಂತಿತು. ಈಗ ಉಳಿದಿರುವುದು ಬೇಸಿಗೆಯ ನೀರಿನ ಗಡಿಗೆ ಮತ್ತು ಶಾಸ್ತ್ರ. ಮದುವೆಗೆ ಐರಾಣಿ ಗಡಿಗೆ ತರಲು ಕುಂಬಾರರ ಮನೆಗೆ ವಾದ್ಯ ಹಿಡಿದುಕೊಂಡೇ ಬರಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಬೇಕು, ದೀಪಾವಳಿಗೆ ಪಣತಿ ಬೇಕು, ಸಾವಿಗೂ ಒಂದು ಗಡಿಗೆ ಬೇಕು. ನಿತ್ಯದ ಬಳಕೆ ಹೋಗಿ ಶಾಸ್ತ್ರ ಮಾತ್ರ ಉಳಿದರೆ ಕಸುಬಿನವನಿಗೆ ಗೌರವ ಸಿಗುತ್ತದೆ, ಹೊಟ್ಟೆ ತುಂಬುವುದಿಲ್ಲ. ಕೆರೆಯ ಮಣ್ಣಿಗೂ ಈಗ ಪೈಪೋಟಿ; ಹೂಳು ಎತ್ತುವ ಯಂತ್ರ ಬಂದರೆ ಆ ಮಣ್ಣು ಟ್ರಾಕ್ಟರುಗಟ್ಟಲೆ ಹೊಲಕ್ಕೂ ಇಟ್ಟಿಗೆ ಭಟ್ಟಿಗೂ ಹೋಗುತ್ತದೆ.

ಸರ್ಕಾರದ ಯೋಜನೆಗಳು ಇಲ್ಲವೆಂದಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಲ್ಲಿ ಕುಂಬಾರರಿಗೆ ವಿದ್ಯುತ್ ತಿಗರಿ ಕೊಡುವ ಕಾರ್ಯಕ್ರಮ ಶುರುಮಾಡಿತು. ನಮ್ಮದೇ ರಾಜ್ಯದ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಸಾಲ ಇದೆ. ಮಗನಿಗೆ ಇದೆಲ್ಲ ಮೊಬೈಲಿನಲ್ಲಿ ಓದಿ ಗೊತ್ತಿತ್ತು. ತಿಗರಿ ಬಂದರೆ ಗಡಿಗೆ ಬೇಗ ಆಗುತ್ತದೆ, ಕೊಳ್ಳುವವರನ್ನು ಎಲ್ಲಿಂದ ತರುವುದು ಎಂಬುದು ಅವನ ಪ್ರಶ್ನೆ.

ಮರಳುವಾಗ ಸಿರವಾರಕ್ಕೆ ಬಂದು ಕವಿತಾಳದ ಮೇಲೆ ಮಸ್ಕಿಗೆ ಹೋದೆ. ದಾರಿಯಿಂದ ದೂರವೇ, ಆದರೂ ಮಣ್ಣಿನ ಜಾಡು ಹಿಡಿದು ಹೊರಟವರಿಗೆ ಅದು ದೂರವಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಇಲ್ಲಿ ಅಶೋಕನ ಶಾಸನ ಕಂಡ. ದೇವಾನಾಂಪಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇದ್ದುದರಿಂದ ಮಸ್ಕಿ ಲೋಕಪ್ರಸಿದ್ಧವಾಯಿತು. ಶಾಸನ ನೋಡಿ ಎಲ್ಲರೂ ಹಿಂದಿರುಗುತ್ತಾರೆ. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಅಗೆದಾಗ ಸಿಕ್ಕಿದ್ದರಲ್ಲಿ ಬಹುಪಾಲು ಮಡಕೆಯ ಚೂರು. ಅದಕ್ಕೂ ಮೊದಲು 19ನೇ ಶತಮಾನದಲ್ಲೇ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳನ್ನು ತಿರುಗಿ ಚೂರು ಆಯ್ದಿದ್ದ. ಅವನ ಸಂಗ್ರಹ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದೆ. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ 1952ರಲ್ಲಿ ಅಗೆದ ಎಫ್. ರೇಮಂಡ್ ಆಲ್ಚಿನ್ 1960ರಲ್ಲಿ ಅದರ ವರದಿ ಪ್ರಕಟಿಸಿದರು. 1990ರ ದಶಕದಲ್ಲಿ ಕವಿತಾಳದ ಕಡೆಯ ವಟಗಲ್ಲಿನ ಉತ್ಖನನದ ವರದಿಯೂ ಬಂತು.

ಇವೆಲ್ಲ ದನ ಮೇಯಿಸಿ ಬದುಕಿದವರ ಊರುಗಳು, ಸಾವಿರಾರು ವರ್ಷ ಹಿಂದಿನವು. ಅವರ ಮಡಕೆ ಬೂದುಬಣ್ಣದ್ದು, ಬಹುಪಾಲು ಕೈಯಲ್ಲೇ ಕಟ್ಟಿದ್ದು, ಸುಡುವ ಮುನ್ನ ಬೆಣಚುಕಲ್ಲಿನಿಂದ ತಿಕ್ಕಿ ಹೊಳಪು ಕೊಟ್ಟದ್ದು. ಕಬ್ಬಿಣದ ಕಾಲಕ್ಕೆ ಬಂದರೆ ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ಮಡಕೆ. ಒಂದೇ ಗಡಿಗೆ, ಒಂದೇ ಬೆಂಕಿ, ಎರಡು ಬಣ್ಣ ಹೇಗೆ? ಬಾಯಿ ಕೆಳಗಾಗಿಟ್ಟು ಸುಟ್ಟಾಗ ಗಾಳಿ ಸಿಕ್ಕ ಹೊರಮೈಯ ಕಬ್ಬಿಣದ ಅಂಶ ಕೆಂಪಾಗುತ್ತದೆ. ಗಾಳಿ ಸಿಗದ ಒಳಮೈ, ಬೂದಿ–ಹೊಟ್ಟಿನಲ್ಲಿ ಹೂತ ಬಾಯಿ ಕಪ್ಪಾಗುತ್ತವೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಹೇಳುವ ವಿವರಣೆ. ಹಿಂದಿನ ದಿನ ತಾತನ ಆವಿಗೆಯಲ್ಲಿ ಬಾಯಿ ಕೆಳಗಾದ ಗಡಿಗೆಗಳನ್ನು ಎತ್ತುವಾಗ ನಾನೂ ಕೈ ಹಾಕಿದ್ದೆ. ಕೆಲವುಗಳ ಕಂಠ ಕಪ್ಪಾಗಿತ್ತು. ಅವನ್ನು ತಾತ ಬೇರೆ ಸಾಲಿಗೆ ಇಟ್ಟಿದ್ದರು, ಕೊಳ್ಳುವವರು ಒಪ್ಪುವುದಿಲ್ಲವೆಂದು. ಒಂದು ಕಾಲದ ಕುಂಬಾರ ಬೇಕೆಂದೇ ತಂದ ಬಣ್ಣ ಇನ್ನೊಂದು ಕಾಲದಲ್ಲಿ ಬೆಲೆ ಕಳೆದುಕೊಂಡಿತು.

ಮಸ್ಕಿಯ ಗುಡ್ಡದ ಇಳಿಜಾರಿನಲ್ಲಿ ಮಳೆ ತೊಳೆದ ಚೂರುಗಳು ಈಗಲೂ ಕಾಣುತ್ತವೆ. ಎತ್ತಿಕೊಳ್ಳಬಾರದು, ಇದ್ದಲ್ಲೇ ಇರಬೇಕು. ಬಗ್ಗಿ ನೋಡಿದೆ. ಹೆಬ್ಬೆರಳಗಲದ ಒಂದು ಚೂರಿನ ಒಳಮೈಯಲ್ಲಿ ಸಾಲಾಗಿ ಸಣ್ಣ ತಗ್ಗುಗಳಿದ್ದವು. ಯಾವ ಕಾಲದ್ದೋ ಹೇಳಲು ನಾನು ಪುರಾತತ್ವದವಳಲ್ಲ. ಅಂಥ ತಗ್ಗು ಅಮ್ಮನ ಗಡಿಗೆಯ ಒಳಗೂ ಇತ್ತು.

ಈಗ ನನ್ನ ಮಾಳಿಗೆಯ ಕೋಣೆಯ ಮಾತು. ಸ್ಟುಡಿಯೋ ಕುಂಬಾರಿಕೆ ಎಂಬ ಕಲ್ಪನೆಗೆ ನೂರು ವರ್ಷದ ಆಸುಪಾಸು ವಯಸ್ಸು. ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಬರ್ನಾರ್ಡ್ ಲೀಚ್ ಜಪಾನಿನ ಹಮಾದಾ ಶೋಜಿಯ ಜೊತೆಗೂಡಿ 1920ರಲ್ಲಿ ಕುಂಬಾರಿಕೆ ಶುರುಮಾಡಿದ ಮೇಲೆ, ಮಣ್ಣು ಕಲಸುವುದರಿಂದ ಸುಡುವತನಕ ಒಬ್ಬನೇ ಕಲಾವಿದ ಮಾಡಿ ತನ್ನ ಮುದ್ರೆ ಒತ್ತುವ ಪದ್ಧತಿ ಬೆಳೆಯಿತು. 1971ರಲ್ಲಿ ಪುದುಚೇರಿಯಲ್ಲಿ ರೇ ಮೀಕರ್, ಡೆಬೊರಾ ಸ್ಮಿತ್ ದಂಪತಿ ಕಟ್ಟಿದ ಗೋಲ್ಡನ್ ಬ್ರಿಜ್ ಪಾಟರಿಯಲ್ಲಿ ಕಲಿತವರು ದೇಶದ ಹಲವು ಕಡೆ ಸ್ಟುಡಿಯೋ ತೆರೆದಿದ್ದಾರೆ. ಆ ಪರಂಪರೆಯ ಬಗ್ಗೆ ನನಗೆ ಆದರವಿದೆ. ರಾಯಚೂರಿನ ಮಾಳಿಗೆಗೆ ಮಾತ್ರ ಅದರ ಸಲಕರಣೆಪಟ್ಟಿ ಪೂರ್ತಿ ಒಗ್ಗುವುದಿಲ್ಲ. ನಮಗೆ ಮೊದಲು ಬೇಕಾದದ್ದು ಮಡಕೆ ಬೇಗ ಒಣಗದಂತೆ ತಡೆಯುವ ಉಪಾಯ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಬಾಯಿಯ ಅಂಚು ಮೊದಲೇ ಒಣಗಿ ತಳ ಹಸಿಯಾಗಿ ಉಳಿದರೆ ಸೀಳು ಖಂಡಿತ. ಕಿಟಕಿಗೆ ಒದ್ದೆ ಗೋಣಿತಾಟು, ಮಡಕೆಯ ಅಂಚಿಗೆ ಒದ್ದೆ ಬಟ್ಟೆಯ ಸುತ್ತು, ಮೇಲೆ ಪ್ಲಾಸ್ಟಿಕ್ ಹೊದಿಕೆ ಇಷ್ಟಾದ ಮೇಲೆ ಕೋಣೆ ಹತೋಟಿಗೆ ಬಂತು.

ಮಣ್ಣಿನ ಪಾಠ ಅಮ್ಮನದೇ. ಕೆರೆ ಮಣ್ಣು ತಂದು ಚೆನ್ನಾಗಿ ಒಣಗಿಸುತ್ತೇನೆ. ಪೂರ್ತಿ ಒಣಗಿದ ಹೆಂಟೆ ನೀರಿಗೆ ಬಿದ್ದ ಕೂಡಲೇ ಕರಗುತ್ತದೆ, ಅರೆಹಸಿ ಹೆಂಟೆ ಹಟ ಮಾಡುತ್ತದೆ. ಸಣ್ಣ ಜರಡಿಯಲ್ಲಿ ಸೋಸಿ, ಸುಣ್ಣದ ಹರಳು ಬೇರೆ ಮಾಡಿ, ತಳಕ್ಕೆ ಕೂತ ಮೇಲೆ ಮೇಲಿನ ನೀರು ಬಸಿದು, ಹಳೆಯ ಧೋತರದ ಮೇಲೆ ಹರವುತ್ತೇನೆ. ಪ್ರತಿ ಹೊಸ ಮಣ್ಣಿಗೂ ಒಂದು ಪಟ್ಟಿ ಮಾಡಿ 10 ಸೆಂಟಿಮೀಟರ್ ಗೆರೆ ಎಳೆದು ಒಣಗಿಸಿ ಅಳೆಯುತ್ತೇನೆ. ಗೆರೆ ಎಷ್ಟು ಕುಗ್ಗಿತು ಎಂಬುದರ ಮೇಲೆ ಎಷ್ಟು ಮರಳು ಕೂಡಿಸಬೇಕು ಎಂಬುದು ತಿಳಿಯುತ್ತದೆ. ಸುಡಲು ತೂತು ಹೊಡೆದ ಹಳೆಯ ಎಣ್ಣೆ ಡ್ರಮ್ ಇದೆ. ಕಟ್ಟಿಗೆ ಹತ್ತಿಯದು, ತೊಗರಿಯದು. ರಾಯಚೂರಿನಲ್ಲಿ ಅಕ್ಕಿ ಗಿರಣಿಗಳಿಗೆ ಕೊರತೆಯಿಲ್ಲ, ಭತ್ತದ ಹೊಟ್ಟಿಗೂ ಇಲ್ಲ. ಮನೆಯಲ್ಲಿ ಶುರುಮಾಡುವವರಿಗೆ ಎರಡು ಎಚ್ಚರ ಹೇಳಲೇಬೇಕು. ಒಣ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಕೆಡುತ್ತದೆ. ಕಸಬರಿಗೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಊಟದ ಪಾತ್ರೆಗೆ ಮೆರುಗು ಹಾಕುವುದಿದ್ದರೆ ಸೀಸವಿಲ್ಲದ್ದನ್ನೇ ಹಾಕಿ.

ತಿಂಗಳಿಗೊಮ್ಮೆ ತಾತ, ಅಮ್ಮ ರಾಯಚೂರಿಗೆ ಬರುತ್ತಾರೆ. ನನ್ನಂತೆ ಹುಚ್ಚು ಹತ್ತಿದ ಕೆಲವರು ಓಣಿಯಲ್ಲಿ ಸೇರಿದ್ದಾರೆ, ಶಾಲೆಯ ಮಕ್ಕಳೂ ಬರುತ್ತಾರೆ. ಶುಲ್ಕದ ಪೆಟ್ಟಿಗೆ ಅಮ್ಮನ ಕೈಯಲ್ಲಿ. ಮೋಟರಿನ ತಿಗರಿಯನ್ನು ನಾನು ತರಿಸಿದೆ, ಅದರ ಮೇಲೆ ತಾತ ಮೊದಲು ಕೂತರು. ಅಮ್ಮ ಕೂತಿಲ್ಲ. ಕೂರಬೇಕೆಂದು ನಾನು ಒತ್ತಾಯಿಸಿಲ್ಲ, ಅದು ಅವರ ಮನೆಯ ಮಾತು. ಬಡಿಯುವುದನ್ನು ಕಲಿಸುವ ಹಕ್ಕು ಮಾತ್ರ ಈ ಕೋಣೆಯಲ್ಲಿ ಅವರೊಬ್ಬರದೇ.

ಹವ್ಯಾಸ ನಮಗೆ ಬಿಡುವಿನ ಸುಖ. ಅದೇ ಮಣ್ಣು ಕಸುಬಿನವರಿಗೆ ಹುಟ್ಟಿನಿಂದ ಬಂದ ಭಾರ. ಅವರ ಮಕ್ಕಳು ಅದನ್ನು ಇಳಿಸಿ ಸಿಮೆಂಟು ಹೊರಲು ಹೋಗಿದ್ದಾರೆ, ಹೋಗಬಾರದು ಎನ್ನಲು ನಮಗೆ ಬಾಯಿಲ್ಲ. ಕಸುಬು ಉಳಿಯಲಿ ಎಂದು ಸಭೆಯಲ್ಲಿ ಹೇಳುವುದರಿಂದ ಅದು ಉಳಿಯುವುದಿಲ್ಲ. ಬಲ್ಲವರಿಗೆ ಗುರುವಿನ ಸಂಬಳ ಕೊಟ್ಟರೆ ಉಳಿಯಬಹುದು. ನಿಮಗೂ ಮನೆಯಲ್ಲಿ ಮಣ್ಣಿನ ಕೆಲಸ ಶುರುಮಾಡುವ ಆಸೆಯಿದ್ದರೆ ಚಕ್ರಕ್ಕೆ ಆರ್ಡರ್ ಹಾಕುವ ಮೊದಲು ನಿಮ್ಮ ತಾಲ್ಲೂಕಿನ ಕುಂಬಾರರ ಓಣಿಗೆ ಹೋಗಿ ಬನ್ನಿ. ನಿಮ್ಮ ಕೆರೆಯ ಮಣ್ಣು ಎಂಥದ್ದು ಎಂದು ಅವರನ್ನು ಕೇಳಿ. ನಗರದ ಸ್ಟುಡಿಯೋಗೆ ಕಟ್ಟುವಷ್ಟೇ ಶುಲ್ಕ ಅವರಿಗೂ ಕಟ್ಟಿ. ಗಡಿಗೆ ಕೊಳ್ಳುವಾಗ ಚೌಕಾಸಿ ಮಾಡಬೇಡಿ.